ಜಿಯೋಲೈಟ್ ಚೀಲ ಬಿಚ್ಚುವ ಮುನ್ನ



ಕಳೆದ ಎರಡು ತಿಂಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಕೇಳುತ್ತಿರುವುದು ಒಂದೇ ಪ್ರಶ್ನೆ: "ಜಿಯೋಲೈಟ್ ಪುಡಿ ಯಾವಾಗ ಬರುತ್ತದೆ ಸೆಕ್ರೆಟರಿಯವರೇ?" ಪ್ರತಿನಿಧಿಯೊಬ್ಬರು ಊರೂರಿಗೆ ಹಂಚಿ ಹೋದ ಬಣ್ಣದ ಕರಪತ್ರವೇ ಇದಕ್ಕೆ ಕಾರಣ. ಈ ಪುಡಿಯನ್ನು ಕಾಫಿ ಗಿಡದ ಮತ್ತು ಅಡಿಕೆ ಮರದ ಬುಡಕ್ಕೆ ಹಾಕಿದರೆ ಅದು ಬಿಸಿಲಿನ ಬಲದಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಬೇರೆ ಪದಾರ್ಥವಾಗಿ ಪರಿವರ್ತಿಸುತ್ತದೆಂದೂ, ಹಾಗೆ ಪರಿವರ್ತನೆಯಾದ ಇಂಗಾಲಕ್ಕೆ ಮುಂದೆ ಬೆಳೆಗಾರನಿಗೆ ಹಣ ಬರುತ್ತದೆಂದೂ ಅದರಲ್ಲಿ ಅಚ್ಚಾಗಿದೆ. ಸಂಘದ ಕಾಯ್ದಿಟ್ಟ ನಿಧಿಯಿಂದ ಒಂದು ಲಾರಿ ಲೋಡು ತರಿಸಿ ಸದಸ್ಯರಿಗೆ ಸಾಲದ ಲೆಕ್ಕದಲ್ಲಿ ಕೊಡಬೇಕೆಂಬ ಸಲಹೆಯೊಂದು ಬರುವ ಮಹಾಸಭೆಯ ಮುಂದೆ ಬರಲಿದೆ.

ಈ ವಿಚಾರದಲ್ಲಿ ಆಡಳಿತ ಮಂಡಳಿ ಇನ್ನೂ ಯಾವ ತೀರ್ಮಾನವನ್ನೂ ಮಾಡಿಲ್ಲ. ಆದ್ದರಿಂದ ಕೆಳಗೆ ಬರೆದಿರುವುದು ಸಂಘದ ನಿಲುವೆಂದು ಯಾರೂ ಭಾವಿಸಬಾರದು. ಇದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಈಗ ತೋಟ ಮಾಡಿಕೊಂಡಿರುವ ಒಬ್ಬ ಸದಸ್ಯನ ಅಭಿಪ್ರಾಯ. ಮೊದಲೇ ಹೇಳಿಬಿಡುತ್ತೇನೆ: ಪ್ರಯೋಗಶಾಲೆಯಲ್ಲಿ ನಡೆದಿರುವ ಕೆಲಸ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದರೆ ನಮ್ಮ ಬಾಗಿಲಿಗೆ ಬಂದಿರುವ ಚೀಲದೊಳಗೆ ಆ ಕೆಲಸ ಇಲ್ಲ.

ಈ ಕಲ್ಲು ಯಾವುದು?

1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಡ್ ಒಂದು ಖನಿಜವನ್ನು ಕಾಯಿಸಿದಾಗ ಅದು ಕುದಿಯುವಂತೆ ನೊರೆಯೆದ್ದು ಆವಿ ಬಿಟ್ಟಿತು. ಗ್ರೀಕ್ ಭಾಷೆಯಲ್ಲಿ 'ಕುದಿಯುವ ಕಲ್ಲು' ಎಂಬ ಅರ್ಥ ಬರುವಂತೆ ಆತ ಅದಕ್ಕೆ ಜಿಯೋಲೈಟ್ ಎಂದು ಹೆಸರಿಟ್ಟ. ಹೊರಬಂದ ಆವಿ ಆ ಕಲ್ಲಿನ ರಂಧ್ರಗಳಲ್ಲಿ ಅಡಗಿ ಕೂತಿದ್ದ ನೀರೇ. ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕ ಈ ಮೂರೂ ಸೇರಿ ಜೇನಿನ ಎರಿಯಂತೆ ಕಟ್ಟಿಕೊಂಡ ರಚನೆಯೇ ಜಿಯೋಲೈಟ್. ಅದರ ಒಂದೊಂದು ರಂಧ್ರವೂ ತಲೆಗೂದಲಿನ ದಪ್ಪವನ್ನು ಲಕ್ಷ ಪಾಲು ಮಾಡಿದರೆ ಒಂದು ಪಾಲಿನಷ್ಟು. ಆ ಅಳತೆಗೆ ಹೊಂದುವ ಅಣು ಒಳಗೆ ಹೋಗುತ್ತದೆ, ದೊಡ್ಡದು ಹೊರಗೇ ನಿಲ್ಲುತ್ತದೆ. ನಾವು ಕಾಫಿ ಬೀಜವನ್ನು ಜರಡಿ ಹಿಡಿದು ದರ್ಜೆ ಮಾಡುವಂತೆ ಇದು ಅಣುಗಳನ್ನು ಜರಡಿ ಹಿಡಿಯುತ್ತದೆ.

ಇದು ನಮ್ಮ ದೇಶಕ್ಕೆ ಅಪರೂಪದ ವಸ್ತುವಲ್ಲ. ಪುಣೆ, ನಾಸಿಕ್, ಜಲಗಾಂವ್ ಸುತ್ತಿನ ಕಪ್ಪು ಕಲ್ಲಿನ ಕ್ವಾರಿಗಳಲ್ಲಿ ಸಿಗುವ ಜಿಯೋಲೈಟ್ ಹರಳುಗಳು ಪ್ರಪಂಚದ ವಸ್ತುಸಂಗ್ರಹಾಲಯಗಳಲ್ಲಿ ಮೆರೆಯುತ್ತಿವೆ. 1950ರ ದಶಕದಿಂದ ಈಚೆಗೆ ಇದನ್ನು ಕಾರ್ಖಾನೆಯಲ್ಲಿಯೂ ತಯಾರಿಸುತ್ತಾರೆ. ಎಷ್ಟೋ ಬಟ್ಟೆ ತೊಳೆಯುವ ಪುಡಿಗಳಲ್ಲಿ ನೀರಿನ ಗಡಸುತನ ಕಳೆಯಲು ಇದನ್ನು ಬೆರೆಸಿರುತ್ತಾರೆ. ಕಚ್ಚಾ ಎಣ್ಣೆಯ ಭಾರದ ಭಾಗವನ್ನು ಒಡೆದು ಪೆಟ್ರೋಲ್ ಮಾಡುವ ಕೆಲಸದಲ್ಲಿ 1960ರ ದಶಕದಿಂದ ಇದೇ ವೇಗವರ್ಧಕ. ನ್ಯೂಜಿಲೆಂಡ್ ದೇಶವು 1980ರ ದಶಕದ ನಡುವಿನಲ್ಲಿ ತನ್ನ ನೈಸರ್ಗಿಕ ಅನಿಲದಿಂದ ಮೆಥನಾಲ್ ಮಾಡಿ, ಆ ಮೆಥನಾಲನ್ನು ಝಡ್‌ಎಸ್‌ಎಂ-5 ಎಂಬ ಜಿಯೋಲೈಟಿನ ಮೇಲೆ ಹಾಯಿಸಿ ಪೆಟ್ರೋಲ್ ತಯಾರಿಸಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ತಯಾರಿಸಿದ ಜಿಯೋಲೈಟ್ ವೇಗವರ್ಧಕವು ಅದೇ ದಶಕದಲ್ಲಿ ಬರೋಡದ ಕಾರ್ಖಾನೆಯಲ್ಲಿ ಕೆಲಸಕ್ಕೆ ಬಂತು.

ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆಂದರೆ 2021ರ ಬೇಸಿಗೆಯನ್ನು ನೆನೆಯಿರಿ. ಆಸ್ಪತ್ರೆಗಳ ಆವರಣದಲ್ಲಿ ಗಾಳಿಯಿಂದ ಆಮ್ಲಜನಕ ತೆಗೆಯುವ ಘಟಕಗಳನ್ನು ಅವಸರದಲ್ಲಿ ನಿಲ್ಲಿಸಿದರಲ್ಲ, ಅವುಗಳ ಹೊಟ್ಟೆಯೊಳಗೆ ಇದ್ದದ್ದು ಜಿಯೋಲೈಟೇ. ಗಾಳಿಯ ಸಾರಜನಕವನ್ನು ಅದು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಆ ಮೇ ತಿಂಗಳಲ್ಲಿ ಪರದೇಶದಿಂದ ವಿಮಾನದಲ್ಲಿ ಅದನ್ನು ಬೆಂಗಳೂರಿಗೆ ತರಿಸಿಕೊಳ್ಳಬೇಕಾಯಿತು. ಆದ್ದರಿಂದ ಜಿಯೋಲೈಟ್ ಎಂಬುದೇ ಬುರುಡೆ ಎಂದು ಹೇಳುವವರ ಪಕ್ಷ ನಾನಲ್ಲ.

ಬೂದಿಯನ್ನು ಮತ್ತೆ ಕಟ್ಟಿಗೆ ಮಾಡುವ ಕೆಲಸ

ಇನ್ನು ಇಂಗಾಲದ ಡೈಆಕ್ಸೈಡಿನ ಮಾತು. ಕಟ್ಟಿಗೆಯಾಗಲಿ ಡೀಸೆಲ್ ಆಗಲಿ ಉರಿದಾಗ ಅದರ ಶಕ್ತಿಯೆಲ್ಲ ಶಾಖವಾಗಿ ಹೋಗಿ ಉಳಿಯುವ ಅನಿಲವಿದು. ಒಲೆಯಲ್ಲಿ ಬೂದಿ ಇದ್ದಂತೆ ಗಾಳಿಯಲ್ಲಿ ಇದು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದದ್ದು ಈಗ 420 ದಾಟಿದೆ. ಮಳೆಗಾಲ ಹಿಂದುಮುಂದಾಗಿ, ಹೂಮಳೆ ತಪ್ಪಿ ನಾವು ಪಡುವ ಪಾಡಿನ ಹಿಂದೆ ಇದರ ಕೈವಾಡ ಇದೆ ಎಂದಾಗ, ಅದನ್ನು ಇಳಿಸುವ ಮಾತು ಯಾರಾಡಿದರೂ ನಾವು ಕಿವಿಗೊಡುವುದು ಸಹಜ. ಆದರೆ ಬೂದಿಯನ್ನು ಮತ್ತೆ ಕಟ್ಟಿಗೆ ಮಾಡಬೇಕಾದರೆ, ಉರಿದಾಗ ಹೋದ ಶಕ್ತಿಯನ್ನು ಅಷ್ಟಕ್ಕಷ್ಟು ವಾಪಸು ತುಂಬಬೇಕು. ಇದಕ್ಕೆ ಯಾವ ವಿಜ್ಞಾನದಲ್ಲೂ ರಿಯಾಯಿತಿ ಇಲ್ಲ.

ಆ ಶಕ್ತಿಯನ್ನು ಬೆಳಕಿನಿಂದಲೇ ತುಂಬಬಹುದೇ ಎಂಬುದು ಹಳೆಯ ಪ್ರಶ್ನೆ. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಎಂಬವರು, ಬಿಳಿ ಪೇಂಟಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಅತಿನೇರಳೆ ಬೆಳಕು ಬಿದ್ದಾಗ ನೀರು ಒಡೆಯುತ್ತದೆಂದು ತೋರಿಸಿದರು. 1979ರಲ್ಲಿ ಅದೇ ತಂಡದವರು ಇಂಥ ಪುಡಿಗಳನ್ನು ನೀರಿನಲ್ಲಿ ಕದಡಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಬೆಳಕು ಬಿಟ್ಟಾಗ ಅಲ್ಪ ಪ್ರಮಾಣದಲ್ಲಿ ಮೆಥನಾಲ್, ಫಾರ್ಮಾಲ್ಡಿಹೈಡ್, ಮತ್ತು ರಬ್ಬರ್ ಹಾಲು ಹೆಪ್ಪುಗಟ್ಟಿಸಲು ನಮ್ಮಲ್ಲಿ ಕೆಲವರು ಬಳಸುವ ಫಾರ್ಮಿಕ್ ಆಮ್ಲ ದೊರೆತವೆಂದು ವರದಿ ಮಾಡಿದರು.

ಇಂಥ ಪುಡಿಗೆ ದ್ಯುತಿ ವೇಗವರ್ಧಕ ಎಂದು ಹೆಸರು. ವೇಗವರ್ಧಕವೆಂದರೆ ಸಂಬಂಧ ಕುದುರಿಸುವ ಹಿರಿಯರಿದ್ದಂತೆ. ಎರಡೂ ಕಡೆಯವರನ್ನು ಸೇರಿಸಿ, ತಾವು ಇದ್ದ ಹಾಗೇ ಎದ್ದು ಹೋಗುತ್ತಾರೆ. ಬೆಳಕು ಬಿದ್ದಾಗ ಪುಡಿಯೊಳಗೆ ಒಂದು ಎಲೆಕ್ಟ್ರಾನ್ ಜಾಗ ಬಿಟ್ಟು ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡಿಗೆ ದಾಟಿದರೆ ಕೆಲಸ ಆಯಿತು. ಬಹುಪಾಲು ಸಲ ಅದು ದಾಟುವ ಮೊದಲೇ ಬಂದ ದಾರಿಯಲ್ಲೇ ವಾಪಸಾಗಿ, ಬೆಳಕಿನ ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ. ಒಂದು ಅಣು ಮೆಥನಾಲಿಗೆ ಆರು ಎಲೆಕ್ಟ್ರಾನ್, ಒಂದು ಅಣು ಮೀಥೇನಿಗೆ ಎಂಟು ಎಲೆಕ್ಟ್ರಾನ್ ದಾಟಬೇಕು. ಕಷ್ಟ ಎಲ್ಲಿದೆ ಎಂಬುದು ಇದರಿಂದ ತಿಳಿದೀತು.

ಇಲ್ಲಿ ಜಿಯೋಲೈಟ್ ಪ್ರವೇಶಿಸುತ್ತದೆ. 1990ರ ದಶಕದಲ್ಲಿ ಒಸಾಕಾದ ಪ್ರಾಂತೀಯ ವಿಶ್ವವಿದ್ಯಾಲಯದ ಮಸಾಕಾಝು ಆನ್‌ಪೋ ಮತ್ತು ಅವರ ಸಂಗಡಿಗರು ಟೈಟಾನಿಯಂ ಆಕ್ಸೈಡನ್ನು ಒಂದೊಂದಾಗಿ ಬಿಡಿಸಿ ಜಿಯೋಲೈಟಿನ ರಂಧ್ರಗಳೊಳಗೆ ಕೂರಿಸಿದರು. ಗುಂಪಾಗಿದ್ದಾಗ ಹೆಚ್ಚಾಗಿ ಮೀಥೇನ್ ಕೊಡುತ್ತಿದ್ದದ್ದು, ಹೀಗೆ ಬಿಡಿಬಿಡಿಯಾಗಿ ಕೂತಾಗ ಹೆಚ್ಚು ಮೆಥನಾಲ್ ಕೊಟ್ಟಿತು. ಕೇವಲ 55 ಡಿಗ್ರಿ ಶಾಖದಲ್ಲಿ ಇದು ನಡೆಯಿತೆಂಬುದು ಸಣ್ಣ ಮಾತಲ್ಲ. ರಂಧ್ರದ ಗೋಡೆ ನೀರನ್ನು ಎಳೆಯುವಂಥದೋ ದೂಡುವಂಥದೋ ಎಂಬುದರ ಮೇಲೆಯೂ ಹುಟ್ಟುವ ಪದಾರ್ಥ ಬದಲಾಗುತ್ತದೆಂದು ಅವರು ಮುಂದೆ ತೋರಿಸಿದರು. ಕೋಣೆಯ ಅಳತೆ ಮತ್ತು ಗುಣ ಬದಲಿಸಿ ಬೇಕಾದ ಪದಾರ್ಥ ಪಡೆಯಬಹುದೆಂಬ ಈ ಆಸೆಯೇ ಇಂದಿಗೂ ಅನೇಕ ದೇಶಗಳ ವಿಜ್ಞಾನಿಗಳನ್ನು ಈ ಕೆಲಸದಲ್ಲಿ ಹಿಡಿದಿಟ್ಟಿದೆ.

ಚೀಲದೊಳಗಿನ ಪುಡಿ

ಈಗ ಕರಪತ್ರಕ್ಕೆ ಬರೋಣ. ಅದರಲ್ಲಿ ಮೇಲೆ ಹೇಳಿದ ಸಂಶೋಧನೆಯ ಮಾತುಗಳೆಲ್ಲ ಇವೆ. ಆದರೆ ಚೀಲದ ಮೇಲಿನ ಚೀಟಿಯಲ್ಲಿ ಬರೆದಿರುವುದು 'ಸ್ವಾಭಾವಿಕ ಜಿಯೋಲೈಟ್' ಎಂದು ಮಾತ್ರ. ನನ್ನ ಆಕ್ಷೇಪಣೆ ಇಲ್ಲಿಂದಲೇ ಆರಂಭ.

ಮೊದಲನೆಯದಾಗಿ, ಬರಿಯ ಜಿಯೋಲೈಟ್ ದ್ಯುತಿ ವೇಗವರ್ಧಕವೇ ಅಲ್ಲ. ಬಿಸಿಲನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ. ಟೈಟಾನಿಯಂ, ತಾಮ್ರ ಇಂಥ ಲೋಹಗಳನ್ನು ಅದರೊಳಗೆ ಕೂರಿಸಿದ ಮೇಲಷ್ಟೇ ಬೆಳಕಿನ ಕೆಲಸ ಶುರುವಾಗುತ್ತದೆ. ಎತ್ತು ಇಲ್ಲದ ಗಾಡಿಯನ್ನು ತೋರಿಸಿ ಬಾಡಿಗೆ ಕೇಳಿದಂತಾಯಿತು ಇದು.

ಎರಡನೆಯದು ಬೆಳಕಿನ ಪ್ರಶ್ನೆ. ಜಿಯೋಲೈಟಿನಲ್ಲಿ ಬಿಡಿಬಿಡಿಯಾಗಿ ಕೂತ ಟೈಟಾನಿಯಂ ಹೀರುವುದು 200ರಿಂದ 260 ನ್ಯಾನೋಮೀಟರ್ ಸುಮಾರಿನ ಅತಿನೇರಳೆ ಕಿರಣವನ್ನು. ಆ ಕಿರಣವನ್ನು ಓಝೋನ್ ಪದರ ಮೇಲೆಯೇ ತಡೆದುಬಿಡುತ್ತದೆ. ನೆಲಕ್ಕೆ ಬರುವ ಬಿಸಿಲು ಶುರುವಾಗುವುದೇ 290ರ ಆಸುಪಾಸಿನಿಂದ. ಆದ್ದರಿಂದ ಪ್ರಯೋಗಶಾಲೆಯಲ್ಲಿ ವಿಶೇಷ ದೀಪ ಉರಿಸುತ್ತಾರೆ. ಸಾಮಾನ್ಯ ಟೈಟಾನಿಯಂ ಡೈಆಕ್ಸೈಡ್ ಕೂಡ ಸುಮಾರು 390 ನ್ಯಾನೋಮೀಟರಿಗಿಂತ ಗಿಡ್ಡ ಅಲೆಯ ಬೆಳಕನ್ನಷ್ಟೇ ಹಿಡಿಯುತ್ತದೆ. ಅದು ಬಿಸಿಲಿನಲ್ಲಿ ನೂರಕ್ಕೆ ನಾಲ್ಕೈದು ಪಾಲು. ನಮ್ಮ ಕಾಫಿ ತೋಟದಲ್ಲಾದರೋ ಮೇಲೆ ಕಾಡುಮರದ ನೆರಳು, ಕೆಳಗೆ ಹಾಲುವಾಣದ ನೆರಳು, ಅದರಡಿ ಕಾಫಿ ಗಿಡ, ಗಿಡದ ಬುಡಕ್ಕೆ ದರಗಿನ ಹೊದಿಕೆ. ಆ ದರಗಿನಡಿ ಹಾಕಿದ ಪುಡಿಗೆ ಯಾವ ಬೆಳಕು ತಲುಪೀತೆಂದು ಕರಪತ್ರ ಬರೆದವರನ್ನೇ ಕೇಳಬೇಕು.

ಮೂರನೆಯದು ನೀರು. ಸಾಮಾನ್ಯ ಜಿಯೋಲೈಟಿಗೆ ಇಂಗಾಲದ ಡೈಆಕ್ಸೈಡಿಗಿಂತ ನೀರಿನ ಮೇಲೆಯೇ ಪ್ರೀತಿ ಹೆಚ್ಚು. ಗಾಳಿಯಲ್ಲಿ ತೇವ ಇದ್ದರೆ ರಂಧ್ರಗಳನ್ನು ಮೊದಲು ನೀರು ತುಂಬುತ್ತದೆ. ಕಾರ್ಖಾನೆಗಳಲ್ಲಿ ಗಾಳಿಯನ್ನು ಒಣಗಿಸಿ ಆಮೇಲೆ ಜಿಯೋಲೈಟಿಗೆ ಬಿಡುವುದು ಇದೇ ಕಾರಣಕ್ಕೆ. ವರ್ಷಕ್ಕೆ ನೂರು ಇಂಚು ಮಳೆ ಹೊಯ್ಯುವ ನಮ್ಮ ಸೀಮೆಯಲ್ಲಿ ಆ ರಂಧ್ರಗಳ ಗತಿ ಏನಾದೀತೆಂದು ವಿವರಿಸಬೇಕಾಗಿಲ್ಲ. ಇನ್ನೊಂದು ಮಾತು: ಹೀರುವುದು ಬೇರೆ, ಪರಿವರ್ತಿಸುವುದು ಬೇರೆ. ಹೀರಿದ್ದು ರಂಧ್ರ ತುಂಬಿದ ಮೇಲೆ ನಿಲ್ಲುತ್ತದೆ, ಕಾಯಿಸಿದರೆ ಮತ್ತೆ ಗಾಳಿಗೇ ಸೇರುತ್ತದೆ. ಅದಕ್ಕೆ ವರ್ಷವರ್ಷವೂ ಹಣ ಕೊಡುವವರು ಯಾರು?

ಸ್ವಲ್ಪ ಲೆಕ್ಕ ಮಾಡೋಣ

ಸರಿ, ಎಲ್ಲ ಅನುಕೂಲವನ್ನೂ ಆ ಪುಡಿಗೇ ಕೊಡೋಣ. ಲೋಹ ಸೇರಿದೆ, ಬೇಕಾದ ದೀಪ ಇದೆ, ಶುದ್ಧ ಇಂಗಾಲದ ಡೈಆಕ್ಸೈಡ್ ಇದೆ ಎಂದಿಟ್ಟುಕೊಳ್ಳೋಣ. ಈ ವಿಜ್ಞಾನದಲ್ಲಿ ಉತ್ಪನ್ನವನ್ನು ಅಳೆಯುವುದು ಮೈಕ್ರೋಮೋಲ್ ಎಂಬ ಮಾನದಲ್ಲಿ. ಒಂದು ಮೋಲ್ ಮೀಥೇನ್ ಎಂದರೆ 16 ಗ್ರಾಂ, ಮೈಕ್ರೋಮೋಲ್ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ಇಂಥ ಪುಡಿಗಳು ಗ್ರಾಂ ಒಂದಕ್ಕೆ ಗಂಟೆಗೆ 10 ಮೈಕ್ರೋಮೋಲ್ ಮೀಥೇನ್ ಕೊಟ್ಟರೆ ಅದನ್ನು ಕಳಪೆ ಫಲಿತಾಂಶ ಎನ್ನುವಂತಿಲ್ಲ. ಅದಕ್ಕೂ ಕಡಿಮೆ ಕೊಟ್ಟವು ಬೇಕಾದಷ್ಟಿವೆ. ಆ 10ನ್ನೇ ಹಿಡಿಯೋಣ.

ಒಂದು ಕಿಲೋ ಪುಡಿ, ದಿನಕ್ಕೆ ಆರು ಗಂಟೆ ಬೆಳಕು. ಗುಣಿಸಿದರೆ ಬರುವುದು 0.06 ಮೋಲ್. ಅಂದರೆ ಇಡೀ ದಿನಕ್ಕೆ ಸುಮಾರು ಒಂದು ಗ್ರಾಂ ಮೀಥೇನ್. ನಮ್ಮ ಮನೆಯ 14.2 ಕಿಲೋ ಅಡಿಗೆ ಅನಿಲದ ಸಿಲಿಂಡರಿನಷ್ಟು ಶಾಖಕ್ಕೆ ಸುಮಾರು 13 ಕಿಲೋ ಮೀಥೇನ್ ಬೇಕು. ಒಂದು ಕಿಲೋ ಪುಡಿ ಒಂದು ಸಿಲಿಂಡರ್ ತುಂಬಿಸಲು 13,000 ದಿನ, ಅಂದರೆ 35 ವರ್ಷಕ್ಕೂ ಮೇಲೆ. ಅಷ್ಟು ಕಾಲ ಪುಡಿ ತನ್ನ ಶಕ್ತಿ ಕಳೆದುಕೊಳ್ಳದೆ ಇರಬೇಕು ಬೇರೆ!

ಇದಕ್ಕೆ ಎದುರಾಗಿ ನಮ್ಮ ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸ್ ನೋಡಿ. ನಾಲ್ಕೈದು ದನಗಳ ಸುಮಾರು 50 ಕಿಲೋ ಸಗಣಿಯಿಂದ ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡುವ ಗುಂಡಿಯಲ್ಲಿ ಸುಮಾರು ಮುಕ್ಕಾಲು ಕಿಲೋ ಮೀಥೇನ್ ಸಿಗುತ್ತದೆ. ಅಂದರೆ ಆ ಪುಡಿ ಏಳೂವರೆ ಕ್ವಿಂಟಾಲ್ ಇದ್ದರೆ ಆಗುವ ಕೆಲಸ. ಗಮನಿಸಬೇಕಾದ ಸಂಗತಿ ಎಂದರೆ ಈ ಮೀಥೇನ್ ಕೂಡ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲೇ ಬಂದದ್ದು. ಬಿಸಿಲಿನಲ್ಲಿ ಅದು ಹುಲ್ಲಾಯಿತು, ಹುಲ್ಲು ದನದ ಹೊಟ್ಟೆಯಲ್ಲಿ ಸಗಣಿಯಾಯಿತು, ಸಗಣಿ ಗುಂಡಿಯಲ್ಲಿ ಅನಿಲವಾಯಿತು. ಹತ್ತು ಲಕ್ಷಕ್ಕೆ 420 ಪಾಲಿನ ತೆಳು ಗಾಳಿಯಿಂದ, ಯಾವ ವಿಶೇಷ ದೀಪವೂ ಇಲ್ಲದೆ, ಮಳೆಗಾಲದ ತೇವದಲ್ಲೇ ಈ ಕೆಲಸ ನಡೆಯುತ್ತದೆ. ಮೇಲಿಂದ ಸ್ಲರಿ ತೋಟಕ್ಕೆ ಗೊಬ್ಬರ.

ಮೂರು ಪ್ರಶ್ನೆಗಳು

ನಾವು ಬೋರ್ಡೋ ಮದ್ದು ಕೂಡಿಸಿದ ಮೇಲೆ ಏನು ಮಾಡುತ್ತೇವೆ? ಮೈಲುತುತ್ತ ಅಂಗಡಿಯವನು ಚೊಕ್ಕವಾದದ್ದೇ ಎಂದರೂ ನಂಬದೆ, ಚಾಕುವಿನ ಅಲಗನ್ನು ಅದ್ದಿ ನೋಡುತ್ತೇವೆ. ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಜಿಯೋಲೈಟಿಗೂ ಅಂಥ ಅಲಗು ಬೇಕು. ಮಾರಾಟಗಾರರು ಕೆಳಗಿನ ಮೂರು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಲಿ.

ಒಂದು: ಒಂದು ಕಿಲೋ ಪುಡಿಯಿಂದ ಒಂದು ದಿನಕ್ಕೆ ಎಷ್ಟು ಗ್ರಾಂ, ಯಾವ ಪದಾರ್ಥ?

ಎರಡು: ಆ ಫಲಿತಾಂಶ ಬಂದದ್ದು ಬಿಸಿಲಿನಲ್ಲೋ ದೀಪದಲ್ಲೋ, ತೋಟದ ಗಾಳಿಯಲ್ಲೋ ಶುದ್ಧ ಅನಿಲದಲ್ಲೋ?

ಮೂರು: ಹುಟ್ಟಿದ ಪದಾರ್ಥದಲ್ಲಿನ ಇಂಗಾಲ ಎಲ್ಲಿಂದ ಬಂತು?

ಮೂರನೆಯ ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ವಿಜ್ಞಾನಿಗಳೇ ತಮ್ಮನ್ನು ಕೇಳಿಕೊಂಡ ಪ್ರಶ್ನೆ ಇದು. ಎಷ್ಟೋ ಜಿಯೋಲೈಟುಗಳನ್ನು ತಯಾರಿಸುವಾಗ ಇಂಗಾಲ ಇರುವ ಸಾವಯವ ಪದಾರ್ಥವನ್ನು ಅಚ್ಚಿನಂತೆ ಬಳಸಿ, ಆಮೇಲೆ ಸುಟ್ಟು ತೆಗೆಯುತ್ತಾರೆ. ಸರಿಯಾಗಿ ಸುಡದಿದ್ದರೆ ಕೊಂಚ ಇಂಗಾಲ ಉಳಿಯುತ್ತದೆ. ಬೆಳಕು ಬಿದ್ದಾಗ ಆ ಉಳಿಕೆಯಿಂದಲೇ ಅನಿಲ ಹುಟ್ಟಿ, ನೋಡುವವರಿಗೆ ಇಂಗಾಲದ ಡೈಆಕ್ಸೈಡ್ ಪರಿವರ್ತನೆಯಾದಂತೆ ಕಾಣಬಹುದು. 2010ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಟೈಟಾನಿಯಂ ಡೈಆಕ್ಸೈಡ್ ಪುಡಿಗಳಲ್ಲಿ ಇಂಥ ಉಳಿಕೆ ಇಂಗಾಲವೂ ಉತ್ಪನ್ನದಲ್ಲಿ ಪಾಲುಗೊಳ್ಳುತ್ತದೆಂದು ತೋರಿಸಿದರು. ಪರಿಹಾರವನ್ನೂ ಅದೇ ವಿಜ್ಞಾನ ಕೊಟ್ಟಿದೆ: ಸಾಮಾನ್ಯ ಇಂಗಾಲಕ್ಕಿಂತ ತುಸು ಭಾರವಾದ ಇಂಗಾಲ-13 ಇರುವ ಅನಿಲವನ್ನು ಒಳಗೆ ಬಿಟ್ಟು, ಹೊರಬಂದ ಪದಾರ್ಥದಲ್ಲಿ ಅದು ಇದೆಯೇ ಎಂದು ತೂಗಿ ನೋಡುವುದು. ದನಕ್ಕೆ ಗುರುತು ಹಾಕಿ ಮೇಯಲು ಬಿಟ್ಟ ಹಾಗೆ. ಪ್ರಯೋಗಶಾಲೆಯವರು ತಮ್ಮ ಕೆಲಸವನ್ನೇ ಇಷ್ಟು ಅನುಮಾನದಿಂದ ನೋಡಿಕೊಳ್ಳುವಾಗ, ಕಾಸು ಕೊಡುವ ನಾವು ಕೇಳಿದರೆ ತಪ್ಪೇನು?

ತಡೆಯುವವರು ಎಂಬ ಆಪಾದನೆ

"ಹೊಸದೇನು ಬಂದರೂ ಹಿರಿಯರು ಅಡ್ಡ ಬರುತ್ತೀರಿ" ಎಂದು ಯುವಕ ಸದಸ್ಯರೊಬ್ಬರು ಕಚೇರಿಯಲ್ಲೇ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅವಸರಕ್ಕೂ ಉತ್ಸಾಹಕ್ಕೂ ವ್ಯತ್ಯಾಸವಿದೆ ಎಂಬುದನ್ನು ನಾನು ದುಡ್ಡು ಕೊಟ್ಟು ಕಲಿತವನು. ಕಾರ್ಯದರ್ಶಿಯಾದ ಹೊಸತರಲ್ಲಿ ಇಂಥದೇ ಕರಪತ್ರ ನೋಡಿ, ಇಳುವರಿ ಹೆಚ್ಚಿಸುವ ದ್ರಾವಣವೆಂದು ಕ್ಯಾನುಗಟ್ಟಲೆ ತರಿಸಲು ಸಹಿ ಹಾಕಿದವನು ನಾನೇ. ಸಿಂಪಡಿಸಿದವರಿಗೆ ಒಂದು ಕಾಯಿಯೂ ಹೆಚ್ಚಾಗಲಿಲ್ಲ. ಉಳಿದ ಕ್ಯಾನುಗಳು ಗೋದಾಮಿನಲ್ಲಿ ಅವಧಿ ಮೀರಿದವು, ನಷ್ಟವನ್ನು ಆ ವರ್ಷದ ಸದಸ್ಯರ ಲಾಭಾಂಶದಲ್ಲಿ ಮುರಿಯಬೇಕಾಯಿತು. ಅಂದು ಮಹಾಸಭೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೋ ಏನೋ.

ಅಡಿಕೆ ಸಸಿ ನೆಟ್ಟು ಐದಾರು ವರ್ಷ ಮೊದಲ ಕೊನೆಗಾಗಿ ಕಾಯುವ ನಮಗೆ ಸಂಶೋಧನೆಯ ತಾಳ್ಮೆ ಹೇಳಿಕೊಡಬೇಕಾಗಿಲ್ಲ. ಕ್ರೋನ್‌ಸ್ಟೆಡ್ ಕಲ್ಲು ಕಾಯಿಸಿದ ಮೇಲೆ ಅದು ಎಣ್ಣೆ ಶುದ್ಧೀಕರಣಕ್ಕೆ ಬರಲು ಇನ್ನೂರು ವರ್ಷ ಹಿಡಿಯಿತು. ಬೆಳಕಿನ ಕೆಲಸ ಶುರುವಾಗಿ ಇನ್ನೂ ಅರ್ಧ ಶತಮಾನ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಂಥ ಸಂಸ್ಥೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಉಪಯುಕ್ತ ಪದಾರ್ಥ ಮಾಡುವ ಬಗ್ಗೆ ಕೆಲಸ ನಡೆದಿದೆ. ನಮ್ಮ ಮಕ್ಕಳಲ್ಲಿ ರಸಾಯನಶಾಸ್ತ್ರದ ಒಲವಿರುವವರು ಅಂಥ ಕಡೆ ಹೋಗಲಿ. ಸಂಘದ ವಿದ್ಯಾರ್ಥಿವೇತನ ಅವರಿಗೆ ಸಿಕ್ಕರೆ ನನಗಿಂತ ಸಂತೋಷಪಡುವವರಿಲ್ಲ.

ಜಿಯೋಲೈಟ್ ಮಣ್ಣಿನಲ್ಲಿ ಅಮೋನಿಯಂ ಮತ್ತು ಪೊಟ್ಯಾಷನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆಂಬ ಮಾತು ಬೇರೆ, ಅದಕ್ಕೆ ಆಧಾರವಿದೆ. ಗೊಬ್ಬರ ಕೊಚ್ಚಿಹೋಗುವ ನಮ್ಮ ಮಣ್ಣಿನಲ್ಲಿ ಅದರಿಂದ ಪ್ರಯೋಜನವಾಗುವುದೇ, ಆದರೆ ಬೆಲೆಗೆ ತಕ್ಕಷ್ಟೇ ಎಂಬುದನ್ನು 1925ರಿಂದ ಕಾಫಿಗಾಗಿ ದುಡಿಯುತ್ತಿರುವ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರ ಮತ್ತು ಅಡಿಕೆಗೆ ವಿಟ್ಲದ ಕೇಂದ್ರದವರ ಸಲಹೆ ಪಡೆದು, ನಾಲ್ಕಾರು ತೋಟಗಳಲ್ಲಿ ಹಾಕಿದ ಸಾಲು, ಹಾಕದ ಸಾಲು ಎಂದು ಎರಡು ವರ್ಷ ನೋಡೋಣ. ಪ್ರಯೋಗಕ್ಕೆ ಹತ್ತು ಚೀಲ ಸಾಕು, ಲಾರಿ ಬೇಡ.

ನನ್ನ ಸಲಹೆ

ಮಹಾಸಭೆಯ ಮುಂದೆ ನಾನು ಇಡಬಯಸುವುದು ಇಷ್ಟು. ಮೂರು ಪ್ರಶ್ನೆಗೆ ಬರವಣಿಗೆಯ ಉತ್ತರ ಬರುವವರೆಗೆ ಇಂಗಾಲದ ಹೆಸರಿನಲ್ಲಿ ಸಂಘ ಈ ಪುಡಿಯನ್ನು ಕೊಳ್ಳಬಾರದು, ಅದಕ್ಕೆ ಸಾಲವನ್ನೂ ಕೊಡಬಾರದು. ಲಾರಿ ಲೋಡಿಗೆ ಎತ್ತಿಡಬೇಕೆಂದ ಹಣದಲ್ಲಿ ಒಂದು ಪಾಲನ್ನು ನಮ್ಮ ಸದಸ್ಯರ ಮನೆಗಳಲ್ಲಿ ಕೆಟ್ಟು ನಿಂತ ಗೋಬರ್ ಗ್ಯಾಸ್ ಗುಂಡಿಗಳ ರಿಪೇರಿಗೆ ಕೊಡಬೇಕು. ಎಷ್ಟೋ ಮನೆಗಳಲ್ಲಿ ಡ್ರಮ್ಮು ತುಕ್ಕು ಹಿಡಿದೋ ಗುಮ್ಮಟ ಬಿರುಕು ಬಿಟ್ಟೋ ಗುಂಡಿ ಹಾಳು ಬಿದ್ದಿದೆ. ಬಿರುಕಿನಿಂದ ಸೋರುವ ಮೀಥೇನ್ ಗಾಳಿಗೆ ಸೇರಿದರೆ, ತೂಕಕ್ಕೆ ತೂಕ ಹಿಡಿದಾಗ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಕಾವು ಏರಿಸುತ್ತದೆ. ಗುಂಡಿ ಕಟ್ಟಿ ಬಲ್ಲ ಒಬ್ಬ ಮೇಸ್ತ್ರಿಯನ್ನು ಸಂಘದಿಂದಲೇ ಗೊತ್ತುಮಾಡಿ, ಕೊಳವೆ, ವಾಲ್ವು, ಬರ್ನರುಗಳನ್ನು ನಮ್ಮ ಗೋದಾಮಿನಲ್ಲೇ ಇಟ್ಟರೆ ಈ ಬೇಸಿಗೆಯೊಳಗೆ ಹಲವು ಒಲೆಗಳು ಉರಿದಾವು.

ತಮಾಷೆಯೆಂದರೆ ಅಲ್ಲಿಯೂ ಜಿಯೋಲೈಟಿಗೆ ಒಂದು ಕೆಲಸ ಕಾದಿದೆ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಜೊತೆ ನೂರಕ್ಕೆ ನಲವತ್ತರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತಿರುತ್ತದೆ. ದೊಡ್ಡ ಘಟಕಗಳಲ್ಲಿ ಅನಿಲವನ್ನು ಒಣಗಿಸಿ, ಜಿಯೋಲೈಟ್ ಜರಡಿಯಿಂದ ಅದನ್ನು ಬೇರ್ಪಡಿಸುವ ಪದ್ಧತಿ ಬಳಕೆಯಲ್ಲಿದೆ. ನಾಳೆ ನಾವೆಲ್ಲ ಸೇರಿ ದೊಡ್ಡ ಘಟಕ ಕಟ್ಟುವ ದಿನ ಬಂದರೆ ಆ ಜರಡಿಗೆ ಬೇಕಾದ ಜಿಯೋಲೈಟ್ ಕೊಳ್ಳಲು ಮೊದಲ ಸಹಿ ನಾನೇ ಹಾಕುತ್ತೇನೆ.

ಒಪ್ಪದವರು ಮಹಾಸಭೆಯಲ್ಲಿ ಧಾರಾಳವಾಗಿ ಮಾತಾಡಲಿ. ಬರುವಾಗ ಕರಪತ್ರವನ್ನೂ ಕೈಯಲ್ಲಿ ಹಿಡಿದು ಬರಲಿ. ಒಂದೊಂದೇ ಸಾಲು ಓದಿ, ಲೆಕ್ಕ ಹಾಕಿ ನೋಡೋಣ.